ಸೈಕಾಲಜಿಗೆ ಮನಸ್ಸು ಸಿಗುತ್ತದೆಯೇ, ಇಲ್ಲ ಬರೀ ನಡವಳಿಕೆಯೇ?

ಮೊದಲ ಬೆಂಚು

ಸೈಕಾಲಜಿ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಪಠ್ಯದ ಮೊದಲ ಪುಟದಲ್ಲೇ "ಮನಸ್ಸು ಮತ್ತು ನಡವಳಿಕೆಯ ವೈಜ್ಞಾನಿಕ ಅಧ್ಯಯನ" ಅಂತ ದೊಡ್ಡದಾಗಿ ಬರೆದಿದೆ. ಮುಂದೆ ತಿರುವಿ ನೋಡಿದರೆ ಎಲ್ಲ ಪ್ರಯೋಗದಲ್ಲೂ ಅಳೆದಿರುವುದು ಬಟನ್ ಒತ್ತಲು ಹಿಡಿದ ಸಮಯ, ನೆನಪಿಟ್ಟು ಹೇಳಿದ ಪದಗಳ ಸಂಖ್ಯೆ, ಫಾರಂನಲ್ಲಿ ಹಾಕಿದ ಟಿಕ್. ಮನಸ್ಸನ್ನು ಅಳೆದವರು ಯಾರೂ ಕಾಣಲಿಲ್ಲ. ಹಾಗಾದರೆ ಮನಸ್ಸು ಅಲ್ಲಿ ಸುಮ್ನೆ ಅಲಂಕಾರಕ್ಕೆ ಕೂತಿದೆಯಾ?

"ಎರಡೂ ಮುಖ್ಯ" ಅನ್ನುವ ಉತ್ತರ ಬೇಡ. ಅದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಾಗಿದೆ.

ಕಡ್ಡಿ ಮುರಿದಂಗೆ

ಅಲಂಕಾರಕ್ಕೇ.

ಹಳೇ ಕಥೆ ಒಂದಿಷ್ಟು ಗೊತ್ತಿರಲಿ. 1879ರಲ್ಲಿ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೈಕಾಲಜಿಯ ಪ್ರಯೋಗಾಲಯ ಶುರು ಮಾಡಿದರು. ಆಮೇಲೆ ಒಂದು ತಲೆಮಾರು ಅಂತರವಲೋಕನವನ್ನು ನಂಬಿಕೊಂಡಿತು. ಅಂದರೆ ತರಬೇತಿ ಪಡೆದವನೊಬ್ಬ ತನ್ನೊಳಗೆ ಏನಾಗುತ್ತಿದೆ ಅಂತ ತಾನೇ ನೋಡಿ ಹೇಳಬೇಕು. ಕಾರ್ನೆಲ್‌ನಲ್ಲಿದ್ದ ಟಿಚ್ನರ್ ಯೋಚನೆಗಳೆಲ್ಲ ಸಂವೇದನೆ ಮತ್ತು ಮನಸ್ಸಿನ ಚಿತ್ರಗಳಿಂದಲೇ ಆಗಿವೆ ಅಂದರು. ವುರ್ಟ್ಸ್‌ಬರ್ಗ್‌ನಲ್ಲಿ ಕ್ಯುಲ್ಪೆ ಮತ್ತು ಅವರ ಶಿಷ್ಯರು, ಚಿತ್ರವೇ ಇಲ್ಲದ ಯೋಚನೆ ನಮಗೆ ಸಿಕ್ಕಿದೆ ಅಂದರು. ಎರಡೂ ಕಡೆಯವರು ತರಬೇತಿ ಪಡೆದವರೇ. ಯಾರು ಸರಿ? ತೀರ್ಮಾನ ಮಾಡಲು ದಾರಿಯೇ ಇರಲಿಲ್ಲ. "ನಿಮ್ಮವರು ಸರಿಯಾಗಿ ನೋಡಿಲ್ಲ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇ ಬಂತು.

1913ರಲ್ಲಿ ವಾಟ್ಸನ್ ಈ ಗೊಂದಲಕ್ಕೆ ತೆರೆ ಎಳೆದರು. ನಡವಳಿಕೆಯನ್ನು ಮೊದಲೇ ಊಹಿಸುವುದು, ಅದನ್ನು ನಿಯಂತ್ರಿಸುವುದು, ಗುರಿ ಅಷ್ಟೇ ಅಂದರು. ಇದೇ ವರ್ತನಾವಾದ. ನೂರು ವರ್ಷ ಕಳೆದರೂ ನೀವು ನೋಡುವ ಪ್ರತಿ ಪ್ರಯೋಗದಲ್ಲಿ ಅಳತೆ ಆಗುತ್ತಿರುವುದು ನಡವಳಿಕೆಯೇ. ಬಾಯಲ್ಲಿ ಮಾತ್ರ ಮನಸ್ಸು.

ಲ್ಯಾಬ್ ಜೀವಿ

ಕಡ್ಡಿ ಸರ್, ಕಥೆಯಲ್ಲಿ ಒಂದು ಕೊಂಡಿ ಬಿಟ್ಟಿರಿ. ವುರ್ಟ್ಸ್‌ಬರ್ಗ್‌ನವರ ವಿಧಾನವನ್ನು ಜೋರಾಗಿ ಟೀಕಿಸಿದವರಲ್ಲಿ ವುಂಟ್ ಕೂಡ ಒಬ್ಬರು. ಸರಳ ಪ್ರಚೋದನೆ, ತಕ್ಷಣದ ಉತ್ತರ, ಮತ್ತೆ ಮತ್ತೆ ಅದೇ ಪರೀಕ್ಷೆ, ಇಷ್ಟಿದ್ದರೆ ಮಾತ್ರ ಅದು ಪ್ರಯೋಗ ಅನ್ನುತ್ತಿದ್ದರು. ಅದಿರಲಿ.

ಮೊದಲ ಬೆಂಚು, ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ಏನನ್ನು ಅಳೆಯುತ್ತೇವೆ ಅನ್ನುವುದು ಒಂದು. ಯಾವುದರ ಬಗ್ಗೆ ತಿಳಿಯಬೇಕು ಅಂತ ಅಳೆಯುತ್ತೇವೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಡವಳಿಕೆ, ನನ್ನ ತಕರಾರಿಲ್ಲ. ಎರಡನೆಯದಕ್ಕೂ ಅದೇ ಉತ್ತರ ಆಗಬೇಕು ಅಂತ ಎಲ್ಲಿದೆ?

1971ರಲ್ಲಿ ಶೆಪರ್ಡ್ ಮತ್ತು ಮೆಟ್ಸ್ಲರ್ ಮಾಡಿದ ಪ್ರಯೋಗ ತಗೊಳ್ಳಿ. ಹತ್ತು ಘನಗಳನ್ನು ಅಂಟಿಸಿದ ಹಾಗಿರುವ ಒಂದು ಆಕಾರ. ಪಕ್ಕದಲ್ಲಿ ಇನ್ನೊಂದು. ಎರಡೂ ಒಂದೇ ಆಕಾರವನ್ನು ತಿರುಗಿಸಿದ್ದಾ, ಇಲ್ಲ ಕನ್ನಡಿಯಲ್ಲಿ ಕಾಣುವ ತಿರುವುಮುರುವಾ ಅಂತ ಹೇಳಬೇಕು. ತಿರುಗಿಸಿದ ಕೋನ ಹೆಚ್ಚಾದಷ್ಟೂ ಉತ್ತರಕ್ಕೆ ಹಿಡಿದ ಸಮಯ ಹೆಚ್ಚಾಯಿತು, ಅದೂ ಒಂದೇ ಸಮನೆ, ಗ್ರಾಫಿನಲ್ಲಿ ನೇರ ಗೆರೆಯಾಗಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 60 ಡಿಗ್ರಿ ವೇಗ.

ಅಳೆದಿದ್ದು ಕೈಯಿಂದ ಲಿವರ್ ಎಳೆಯಲು ಹಿಡಿದ ಸಮಯವನ್ನು. ಆದರೆ ಆ ನೇರ ಗೆರೆಗೆ ಕಾರಣ ಕೈಯಲ್ಲಿ ಇಲ್ಲ. ಪರದೆಯ ಮೇಲೂ ಇಲ್ಲ, ಅಲ್ಲಿ ಏನೂ ತಿರುಗುತ್ತಿರಲಿಲ್ಲ. ಅವರೊಳಗೆ ಏನೋ ಹಂತಹಂತವಾಗಿ ನಡೆದಿದೆ, ಅದಕ್ಕೊಂದು ವೇಗ ಇದೆ. ಆ "ಏನೋ" ಬಗ್ಗೆ ಹೇಳದೆ ಈ ಗ್ರಾಫನ್ನು ವಿವರಿಸಿ ನೋಡೋಣ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಅನ್ನುತ್ತೇವೆ. ನಾವು ಓದುತ್ತಿರುವುದು ಬರೀ ಹೊಗೆಯನ್ನು ಅಂತ ಯಾರೂ ಹೇಳುವುದಿಲ್ಲ.

ಕಡ್ಡಿ ಮುರಿದಂಗೆ

ಹೊಗೆ-ಬೆಂಕಿ ಲೆಕ್ಕ ನಡೆಯುವುದು ಏಕೆ? ಬೇರೆ ಕಡೆ ಎರಡನ್ನೂ ಒಟ್ಟಿಗೆ ಕಣ್ಣಾರೆ ನೋಡಿದ್ದೇವೆ. ಇನ್ನೊಬ್ಬರ ಮನಸ್ಸನ್ನು ಅವರ ನಡವಳಿಕೆಯ ಪಕ್ಕದಲ್ಲಿಟ್ಟು ಯಾರು ಯಾವತ್ತು ನೋಡಿದ್ದಾರೆ ಮೇಡಂ?

ನಿಮ್ಮ ತಿರುಗುವ ಆಕಾರದ ವಿಷಯಕ್ಕೇ ಬರುತ್ತೇನೆ. ತಲೆಯೊಳಗೆ ಚಿತ್ರ ತಿರುಗುತ್ತದೆ ಅನ್ನುವುದನ್ನು ಪಿಲಿಶಿನ್ ಕೊನೆಯವರೆಗೂ ಒಪ್ಪಲಿಲ್ಲ. ನಿಜವಾದ ವಸ್ತು ತಿರುಗಲು ಎಷ್ಟು ಹೊತ್ತು ಬೇಕು ಅನ್ನುವುದು ಜನರಿಗೆ ಗೊತ್ತು, ಅದನ್ನೇ ಅನುಕರಿಸುತ್ತಾರೆ ಅನ್ನುವ ಧಾಟಿ ಅವರದ್ದು. 1978ರಲ್ಲಿ ಜಾನ್ ಆಂಡರ್ಸನ್ ಇನ್ನೂ ಮುಂದೆ ಹೋದರು. ಒಳಗೆ ಚಿತ್ರ ಇದೆ ಅನ್ನುವ ಸಿದ್ಧಾಂತ, ವಾಕ್ಯದಂಥ ಸಂಕೇತ ಇದೆ ಅನ್ನುವ ಸಿದ್ಧಾಂತ, ಎರಡನ್ನೂ ಒಂದೇ ನಡವಳಿಕೆ ಬರುವ ಹಾಗೆ ಹೊಂದಿಸಬಹುದು ಅಂತ ವಾದಿಸಿದರು. ಅಂದಮೇಲೆ ಒಳಗಿನದ್ದು ಏನು ಅಂತ ಸಮಯ ಅಳೆದು ಹೇಳುವುದು ಹೇಗೆ?

ಸೊನ್ನೆ ದಶಮಾಂಶ

ಫಿಸಿಕ್ಸ್ ಪಾಠ ಮಾಡುವವಳು. ಕಡ್ಡಿ ಅವರ ಮೊದಲ ಆಕ್ಷೇಪ ನಮ್ಮ ಕಡೆ ನಿಲ್ಲುವುದಿಲ್ಲ. 1930ರಲ್ಲಿ ಭೌತವಿಜ್ಞಾನಿ ಪೌಲಿ ನ್ಯೂಟ್ರಿನೊ ಅನ್ನುವ ಕಣ ಇರಬೇಕು ಅಂದಾಗ ಅವರ ಕೈಲಿದ್ದದ್ದು ಬೀಟಾ ಕ್ಷಯದಲ್ಲಿ (ಪರಮಾಣುವಿನ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಹೊರಹಾಕುವ ಕ್ರಿಯೆಯಲ್ಲಿ) ಸರಿಹೊಂದದ ಶಕ್ತಿಯ ಲೆಕ್ಕ ಮಾತ್ರ. ಅದನ್ನು ಪತ್ತೆ ಮಾಡಿದ್ದು 1956ರಲ್ಲಿ. ಆಗಲೂ ಕಂಡಿದ್ದು ನ್ಯೂಟ್ರಿನೊ ಅಲ್ಲ, ಅದು ಬಡಿದ ಮೇಲೆ ಹೊಮ್ಮಿದ ಬೆಳಕಿನ ಮಿಂಚುಗಳು. ನೇರವಾಗಿ ಕಾಣದ್ದನ್ನು ಊಹಿಸಿ ಪರೀಕ್ಷಿಸುವುದು ವಿಜ್ಞಾನದ ದಿನನಿತ್ಯದ ಕೆಲಸ.

ನನ್ನ ಅನುಮಾನ ಬೇರೆ ಕಡೆ ಇದೆ. ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಫಾರಂ ಇದೆಯಲ್ಲ, 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಇಪ್ಪತ್ತು ಬಂದವರಿಗೆ ಹತ್ತು ಬಂದವರ ಎರಡು ಪಟ್ಟು ಖಿನ್ನತೆ ಇದೆಯಾ? 5ರಿಂದ 8ಕ್ಕೆ ಏರಿದ್ದೂ 20ರಿಂದ 23ಕ್ಕೆ ಏರಿದ್ದೂ ಒಂದೇ ಅಂತರವಾ? ಸ್ಟೀವನ್ಸ್ 1946ರಲ್ಲೇ ಅಳತೆಯ ಮಾಪಕಗಳನ್ನು ಬೇರೆ ಬೇರೆ ಮಾಡಿಟ್ಟರು. ಬರೀ ಹೆಚ್ಚು-ಕಡಿಮೆ ಹೇಳುವ ಮಾಪಕವನ್ನು ಕೂಡಿಸಿ ಭಾಗಿಸಿ ಸರಾಸರಿ ತೆಗೆಯುವಾಗ ಯೋಚಿಸಬೇಕು. ನಿಮ್ಮ ಪೇಪರ್‌ಗಳಲ್ಲಿ ಆ ಯೋಚನೆ ಜಾಸ್ತಿ ಕಾಣುವುದಿಲ್ಲ.

ಕೇಳುವ ಕಿವಿ

ಆಪ್ತಸಮಾಲೋಚಕಿ ನಾನು. ಆ ಫಾರಂ ನಮ್ಮಲ್ಲಿ ದಿನವೂ ಬಳಕೆಯಲ್ಲಿದೆ. ಸೊನ್ನೆ ಮೇಡಂ ಹೇಳಿದ್ದು ಸರಿ, 20 ಅನ್ನುವುದು ಎರಡು ಹತ್ತು ಅಲ್ಲ. ನಾವೂ ಹಾಗೆ ಓದುವುದಿಲ್ಲ. ಒಬ್ಬರದ್ದೇ ಅಂಕ ಏರುತ್ತಿದೆಯಾ, ಇಳಿಯುತ್ತಿದೆಯಾ ಅಂತ ನೋಡುತ್ತೇವೆ. ಇನ್ನೂ ಮುಖ್ಯವಾಗಿ ಯಾವ ಪ್ರಶ್ನೆಗೆ ಏನು ಉತ್ತರ ಬಂತು ಅಂತ ನೋಡುತ್ತೇವೆ.

ಒಂಬತ್ತನೇ ಪ್ರಶ್ನೆ, ಕಳೆದ ಎರಡು ವಾರದಲ್ಲಿ ಸತ್ತರೆ ಮೇಲು ಅನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ ಕೇಳುತ್ತದೆ. ನಗುನಗುತ್ತಾ ಕೆಲಸಕ್ಕೆ ಹೋಗಿ ಬರುವವರೂ ಅಲ್ಲಿ ಟಿಕ್ ಹಾಕುತ್ತಾರೆ. ಹೊರಗಿನಿಂದ ನೋಡಿದ ಮನೆಯವರಿಗೆ ಏನೂ ಗೊತ್ತಿರುವುದಿಲ್ಲ. ಬರೀ ನಡವಳಿಕೆ ಸಾಕು ಅನ್ನುವವರು ಈ ಮನುಷ್ಯನನ್ನು ಹೇಗೆ ಗುರುತಿಸುತ್ತಾರೆ? ಕೇಳಲೇಬೇಕಲ್ವಾ?

ಕಡ್ಡಿ ಮುರಿದಂಗೆ

ಕೇಳಿ, ಬೇಡ ಅಂದವರು ಯಾರು? ಉತ್ತರ ಕೊಡುವುದೂ ನಡವಳಿಕೆಯೇ. ವರ್ತನಾವಾದ ಅಂದರೆ ಒಳಗೆ ಏನೂ ಇಲ್ಲ ಅನ್ನುವ ವಾದ ಅಂತ ಜನ ಅಂದುಕೊಂಡಿದ್ದಾರೆ. ಅದರ ದೊಡ್ಡ ಪ್ರತಿಪಾದಕ ಸ್ಕಿನ್ನರ್ ಹಾಗೆ ಹೇಳಲೇ ಇಲ್ಲ. ಹಲ್ಲುನೋವು ಇದೆ, ಅದು ಆ ಒಬ್ಬನಿಗೆ ಮಾತ್ರ ಗೊತ್ತಾಗುತ್ತದೆ ಅಂತ ಅವರೂ ಒಪ್ಪಿದ್ದಾರೆ. 1945ರಲ್ಲಿ ಅವರು ಕೇಳಿದ್ದು ಇನ್ನೂ ಚೂಪಾದ ಪ್ರಶ್ನೆ: ಒಳಗಿನದ್ದಕ್ಕೆ ಹೆಸರು ಹೇಳುವುದನ್ನು ಮಗು ಯಾರಿಂದ ಕಲಿಯುತ್ತದೆ? ಬಿದ್ದು ಮೊಣಕಾಲು ಕಿತ್ತುಕೊಂಡ ಮಗುವಿಗೆ ದೊಡ್ಡವರು "ನೋವಾಯ್ತಾ?" ಅನ್ನುತ್ತಾರೆ. ಅವರಿಗೆ ಕಂಡಿದ್ದು ಗಾಯ, ಅಳು. ಹೊರಗೆ ಗುರುತು ಇದ್ದಾಗ ಸರಿಯಾಗಿ ಕಲಿಸಬಹುದು. ಬೇಸರ, ಖಾಲಿತನ, ಕಳವಳ ಇವುಗಳಿಗೆ ಹೊರಗಿನ ಗುರುತು ಕಡಿಮೆ, ಹಾಗಾಗಿ ಕಲಿಕೆಯೂ ಸಡಿಲ. ಇಬ್ಬರು ಒಂದೇ ಮಾತು ಬಳಸಿದರೂ ಒಳಗೆ ಇರುವುದು ಒಂದೇ ಅನ್ನಲು ಆಧಾರ ಇಲ್ಲ. ನಿಮ್ಮ ಫಾರಂ ಕೂತಿರುವುದು ಈ ಸಡಿಲ ನೆಲದ ಮೇಲೆ.

ಲ್ಯಾಬ್ ಜೀವಿ

ಇದು ಒಳ್ಳೆಯ ವಾದ. ಸ್ಕಿನ್ನರ್ ಬರೆದಿದ್ದರಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದೂ ಇದೇ. ಆದರೆ ಇದರಿಂದ ಸಾಬೀತಾಗುವುದು ಮಾತನ್ನು ಕಣ್ಣು ಮುಚ್ಚಿ ನಂಬಬಾರದು ಅಂತ. ಮಾತನ್ನು ಪರೀಕ್ಷೆ ಮಾಡಲು ಆಗುವುದೇ ಇಲ್ಲ ಅಂತ ಅಲ್ಲ.

ಜನ ತಮ್ಮ ಬಗ್ಗೆ ಹೇಳುವುದರಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ. "ಯಾಕೆ ಹಾಗೆ ಮಾಡಿದಿರಿ?" ಅಂತ ಕೇಳಿದರೆ ಬರುವ ಉತ್ತರ ತುಂಬಾ ದುರ್ಬಲ. ನಿಸ್ಬೆಟ್ ಮತ್ತು ವಿಲ್ಸನ್ 1977ರ ಲೇಖನದಲ್ಲಿ ಹೇಳುವ ಒಂದು ಪರೀಕ್ಷೆಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟಿದ್ದರು. ನಾಲ್ಕೂ ಒಂದೇ ಥರದವು. ಜನ ಬಲತುದಿಯದ್ದನ್ನೇ ಜಾಸ್ತಿ ಆರಿಸಿದರು. ಯಾಕೆ ಅಂದರೆ ನೇಯ್ಗೆ, ಗುಣಮಟ್ಟ ಅಂದರು. ಇಟ್ಟ ಜಾಗದಿಂದ ಹೀಗಾಯಿತಾ ಅಂತ ಕೇಳಿದರೆ ಹೆಚ್ಚುಕಮ್ಮಿ ಎಲ್ಲರೂ ಇಲ್ಲವೇ ಇಲ್ಲ ಅಂದರು. 2005ರಲ್ಲಿ ಯೊಹಾನ್ಸನ್, ಹಾಲ್ ಮತ್ತು ಜೊತೆಯವರು ಎರಡು ಮುಖಗಳ ಫೋಟೊ ತೋರಿಸಿ ಯಾವುದು ಚೆಂದ ಅಂತ ಕೇಳಿದರು. ಆಮೇಲೆ ಕೈಚಳಕದಿಂದ ಆರಿಸದ ಫೋಟೊವನ್ನೇ ಕೈಗಿಟ್ಟು ಕಾರಣ ಕೇಳಿದರು. ಹೆಚ್ಚಿನ ಸಲ ಬದಲಾಗಿದ್ದೇ ಗೊತ್ತಾಗಲಿಲ್ಲ. ತಾವು ಬೇಡ ಅಂದಿದ್ದ ಮುಖದ ಗುಣಗಳನ್ನೇ ಕಾರಣವಾಗಿ ವರ್ಣಿಸಿದವರೂ ಇದ್ದರು! ನಾನು ತರಗತಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ, ನನಗೆ ಮಾತ್ರ ಹೀಗಾಗುತ್ತಿರಲಿಲ್ಲ ಅಂದುಕೊಳ್ಳುತ್ತಾ.

ಆದರೆ "ಈಗ ನಿಮಗೆ ಏನು ಕಾಣುತ್ತಿದೆ?" ಅನ್ನುವ ಪ್ರಶ್ನೆ ಬೇರೆ ಜಾತಿಯದ್ದು. ಕೆಲವರು ಅಂಕಿಗಳಿಗೆ ಬಣ್ಣ ಕಾಣುತ್ತದೆ ಅನ್ನುತ್ತಾರೆ, 5 ಹಸಿರು, 2 ಕೆಂಪು ಹೀಗೆ. ನಂಬುವುದಾ ಬಿಡುವುದಾ? ರಾಮಚಂದ್ರನ್ ಮತ್ತು ಹಬ್ಬರ್ಡ್ 2001ರಲ್ಲಿ ಕಪ್ಪು ಮಸಿಯ 5ಗಳ ರಾಶಿ ನಡುವೆ ಕೆಲವು 2ಗಳನ್ನು ತ್ರಿಕೋನದಂಥ ಆಕಾರದಲ್ಲಿ ಬಚ್ಚಿಟ್ಟರು. ಬಣ್ಣ ಕಾಣುತ್ತದೆ ಅಂದವರು ಆ ಆಕಾರವನ್ನು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದರು. ಸುಳ್ಳು ಹೇಳಿ ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ಒಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿಗೆ ಎಲ್ಲರೂ ನೋಡಬಹುದಾದ ಪರಿಣಾಮ ಇತ್ತು. ಕಡ್ಡಿ ಸರ್, ನಿಮ್ಮ ಸಡಿಲ ನೆಲವನ್ನು ಗಟ್ಟಿ ಮಾಡುವುದು ಹೀಗೆ.

ಮನಸ್ಸಿನ ಚಿತ್ರದ ಜಗಳವೂ 1978ರಲ್ಲೇ ನಿಂತುಹೋಗಿಲ್ಲ. ಕಣ್ಣು ಮುಚ್ಚಿದರೆ ಯಾವ ಚಿತ್ರವೂ ಬರುವುದಿಲ್ಲ ಅನ್ನುವವರಿದ್ದಾರೆ. 2015ರಿಂದ ಇದಕ್ಕೆ ಅಫ್ಯಾಂಟೇಸಿಯಾ ಅನ್ನುತ್ತಾರೆ. 2022ರ ಒಂದು ಅಧ್ಯಯನದಲ್ಲಿ ಬೆಳಗುವ ಆಕಾರವನ್ನು ಬರೀ ಕಲ್ಪಿಸಿಕೊಳ್ಳಿ ಅಂದಾಗ ಸಾಮಾನ್ಯರ ಕಣ್ಣಿನ ಪಾಪೆ ಕುಗ್ಗಿತು, ಎದುರಿಗೆ ನಿಜವಾದ ಬೆಳಕೇ ಇದೆಯೇನೋ ಅನ್ನುವ ಹಾಗೆ. ಅಫ್ಯಾಂಟೇಸಿಯಾ ಇರುವವರ ಗುಂಪಿನಲ್ಲಿ ಹಾಗಾಗಲಿಲ್ಲ. ಅವರು ಪ್ರಯತ್ನವನ್ನೇ ಮಾಡಿಲ್ಲ ಅನ್ನಬಹುದು. ಆದರೆ ಒಟ್ಟಿಗೆ ಜಾಸ್ತಿ ಆಕಾರ ಕಲ್ಪಿಸಿಕೊಳ್ಳಿ ಅಂದಾಗ ಅವರ ಪಾಪೆಯೂ ಹಿಗ್ಗಿತು. ತಲೆಗೆ ಶ್ರಮ ಬಿದ್ದಾಗ ಪಾಪೆ ಹಿಗ್ಗುತ್ತದೆ. ಅಂದರೆ ಪ್ರಯತ್ನ ಇತ್ತು, ಚಿತ್ರ ಇರಲಿಲ್ಲ. ಟಿಚ್ನರ್ ಮತ್ತು ಕ್ಯುಲ್ಪೆ ಕೈಗೆ ಇಂಥ ಪರೀಕ್ಷೆ ಸಿಕ್ಕಿದ್ದರೆ, ಎರಡು ಕಡೆಯವರೂ ತಮ್ಮ ತಮ್ಮ ತಲೆಯ ಬಗ್ಗೆ ನಿಜವನ್ನೇ ಹೇಳುತ್ತಿದ್ದಾರೇನೋ ಅಂತ ಕೇಳಲಾದರೂ ಆಗುತ್ತಿತ್ತು.

ಸುಮ್ನೆ ಬಂದೆ

ಇಷ್ಟೆಲ್ಲಾ ಯಾಕೆ? ಸೈಕಾಲಜಿಯ ಪ್ರಯೋಗಗಳನ್ನು ಮತ್ತೆ ಮಾಡಿದರೆ ಬರುವುದೇ ಇಲ್ಲ ಅಂತ ಗೊತ್ತಾಗಿದೆಯಲ್ಲ. ವಿಜ್ಞಾನವೇ ಅಲ್ಲ ಅಂದಮೇಲೆ ಮನಸ್ಸಾದರೇನು, ನಡವಳಿಕೆಯಾದರೇನು.

ಸೊನ್ನೆ ದಶಮಾಂಶ

ನೀವು ಹೇಳುತ್ತಿರುವುದು 2015ರ ದೊಡ್ಡ ಯೋಜನೆಯ ಬಗ್ಗೆ ಇರಬೇಕು. 100 ಅಧ್ಯಯನಗಳನ್ನು ಮತ್ತೆ ಮಾಡಿದರು. ಮೂಲದಲ್ಲಿ ಶೇ. 97ರಷ್ಟು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗೆದ್ದಿದ್ದವು, ಮರುಪ್ರಯೋಗದಲ್ಲಿ ಶೇ. 36. ಇದು ನಾಚಿಕೆಯ ಅಂಕಿಯೇ. ಆದರೆ ಲೆಕ್ಕ ಬಯಲು ಮಾಡಿದವರೂ ಸೈಕಾಲಜಿಯವರೇ. ಬಿದ್ದುಹೋಗಲು ಮುಖ್ಯ ಕಾರಣಗಳು ಸಣ್ಣ ಗುಂಪು, ಬೇಕಾದ ಹಾಗೆ ಬಗ್ಗಿಸಿದ ವಿಶ್ಲೇಷಣೆ, ಗೆದ್ದದ್ದನ್ನು ಮಾತ್ರ ಅಚ್ಚು ಹಾಕುವ ಚಾಳಿ. ಮನಸ್ಸಿನ ಬಗ್ಗೆ ಕೇಳಿದ್ದಕ್ಕೆ ಬಿದ್ದದ್ದಲ್ಲ. 1935ರ ಸ್ಟ್ರೂಪ್ ಪರೀಕ್ಷೆ ಈಗ ಮಾಡಿದರೂ ಬರುತ್ತದೆ. ಹಸಿರು ಮಸಿಯಲ್ಲಿ "ಕೆಂಪು" ಅಂತ ಬರೆದು ಮಸಿಯ ಬಣ್ಣ ಹೇಳಿ ಅನ್ನಿ, ತಡವರಿಸುತ್ತಾರೆ.

ಮೊದಲ ಬೆಂಚು

ಒಂದು ಸಂದೇಹ. ಮೆದುಳಿನ ಸ್ಕ್ಯಾನ್ ಬಂದಮೇಲೆ ಈ ಜಗಳ ಮುಗಿಯಬೇಕಿತ್ತಲ್ಲ? ಒಳಗಡೆಯೇ ನೋಡಬಹುದಲ್ಲ ಈಗ?

ಲ್ಯಾಬ್ ಜೀವಿ

ಸ್ಕ್ಯಾನ್‌ನಲ್ಲಿ ಕಾಣುವುದು ರಕ್ತದ ಹರಿವಿನ ಬದಲಾವಣೆ. ಅದಕ್ಕೆ ಅರ್ಥ ಬರಬೇಕಾದರೆ ಆ ಹೊತ್ತಿಗೆ ಮನುಷ್ಯ ಏನು ಮಾಡುತ್ತಿದ್ದ, ಏನು ಹೇಳಿದ ಅನ್ನುವುದು ಬೇಕೇ ಬೇಕು. ಒಂದು ಜಾಗ ಹೊಳೆಯಿತು, ಆದ್ದರಿಂದ ಇವನಿಗೆ ಭಯ ಆಗಿದೆ ಅಂತ ಹಿಂದುಮುಂದಾಗಿ ಓದುವ ಅಪಾಯದ ಬಗ್ಗೆ ಪೋಲ್ಡ್ರಾಕ್ 2006ರಲ್ಲೇ ಎಚ್ಚರಿಸಿದ್ದಾರೆ. ಒಂದೇ ಜಾಗ ಹತ್ತು ಕೆಲಸಕ್ಕೆ ಹೊಳೆಯುತ್ತದೆ. 2009ರಲ್ಲಿ ಕೆಲವರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ಗೆ ಹಾಕಿ, ಮನುಷ್ಯರ ಫೋಟೊ ತೋರಿಸಿ, ಸಾವಿರಾರು ಜಾಗಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ಲೆಕ್ಕದ ತಿದ್ದುಪಡಿ ಬಿಟ್ಟರೆ ಅದರ ಮೆದುಳೂ "ಹೊಳೆಯುತ್ತದೆ" ಅಂತ ತೋರಿಸಿದರು. ಸ್ಕ್ಯಾನ್ ಚಿತ್ರ ನೋಡಿ ಮರುಳಾಗುವವರಿಗೆಲ್ಲ ನಾನು ಈ ಮೀನಿನ ಕಥೆ ಹೇಳುತ್ತೇನೆ.

ಆದರೂ ಒಂದು ಕೆಲಸ ಬೇರೆಲ್ಲದಕ್ಕಿಂತ ಭಿನ್ನವಾಗಿ ನಿಲ್ಲುತ್ತದೆ. 2006ರಲ್ಲಿ ಏಡ್ರಿಯನ್ ಓವನ್ ತಂಡ, ಅಪಘಾತದ ನಂತರ ಯಾವ ಪ್ರತಿಕ್ರಿಯೆಯೂ ಇಲ್ಲದೆ ಮಲಗಿದ್ದ ಯುವತಿಯೊಬ್ಬಳಿಗೆ "ಟೆನಿಸ್ ಆಡುತ್ತಿರುವ ಹಾಗೆ ಕಲ್ಪಿಸಿಕೋ" ಅಂತಲೂ, "ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವ ಹಾಗೆ ಕಲ್ಪಿಸಿಕೋ" ಅಂತಲೂ ಹೇಳಿತು. ಎರಡಕ್ಕೂ ಬೇರೆ ಬೇರೆ ಜಾಗ ಹೊಳೆದವು, ಆರೋಗ್ಯವಂತರಲ್ಲಿ ಹೊಳೆಯುವ ಅದೇ ಜಾಗಗಳು. 2010ರಲ್ಲಿ ಪ್ರಜ್ಞೆ ಇಲ್ಲದ ಅಥವಾ ತೀರಾ ಕುಂದಿದ್ದ 54 ರೋಗಿಗಳನ್ನು ನೋಡಿದಾಗ 5 ಮಂದಿಯಲ್ಲಿ ಹೀಗೆ ಕಂಡಿತು. ಒಬ್ಬರು ಟೆನಿಸ್ ಅಂದರೆ ಹೌದು, ಮನೆ ಅಂದರೆ ಇಲ್ಲ ಅನ್ನುವ ಒಪ್ಪಂದದಲ್ಲಿ ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟರು.

ಕೇಳುವ ಕಿವಿ

ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಕಡ್ಡಿ ಸರ್, ಇಲ್ಲಿ ನಡವಳಿಕೆ ಎಲ್ಲಿದೆ? ಹೊರಗೆ ಕಾಣುವ ಯಾವ ಉತ್ತರವೂ ಇಲ್ಲ. ನಡವಳಿಕೆ ಮಾತ್ರ ಲೆಕ್ಕ ಅಂದಿದ್ದರೆ ಆ ಯುವತಿಗೆ ಏನೂ ತಿಳಿಯುವುದಿಲ್ಲ ಅಂತಲೇ ಫೈಲ್ ಮುಚ್ಚಬೇಕಿತ್ತು.

ಕಡ್ಡಿ ಮುರಿದಂಗೆ

ಮೆದುಳಿನ ಪ್ರತಿಕ್ರಿಯೆಯೂ ದೇಹದ ಪ್ರತಿಕ್ರಿಯೆಯೇ. ಪ್ರಚೋದನೆ ಕೊಟ್ಟರು, ಉತ್ತರ ಬಂತು, ಎಲ್ಲರೂ ನೋಡಬಹುದಾದ ಉತ್ತರ. ಅದು ಚರ್ಮದ ಒಳಗಿದೆಯಾ ಹೊರಗಿದೆಯಾ ಅನ್ನುವುದು ನನಗೆ ಮುಖ್ಯ ಅಲ್ಲ.

ಲ್ಯಾಬ್ ಜೀವಿ

ಹಾಗೆ ಹಿಗ್ಗಿಸಿದರೆ ಜಠರರಸ ಸುರಿಯುವುದೂ ನಡವಳಿಕೆ ಆಗುತ್ತದೆ. ಆಗ "ಸೈಕಾಲಜಿ ನಡವಳಿಕೆಯನ್ನು ಮಾತ್ರ ಓದುತ್ತದೆ" ಅನ್ನುವುದರಲ್ಲಿ ಯಾವುದನ್ನು ಹೊರಗಿಟ್ಟ ಹಾಗಾಯಿತು? ಇನ್ನೂ ಒಂದು ಮಾತು. ಅವಳಿಗೆ ಕೊಟ್ಟ ಪ್ರಚೋದನೆ ಬರೀ ಶಬ್ದ. ಆ ಶಬ್ದಕ್ಕೂ ಆ ಜಾಗಕ್ಕೂ ನಡುವೆ ಅರ್ಥ ಮಾಡಿಕೊಂಡಳು, ಒಪ್ಪಿದಳು, ಕಲ್ಪಿಸಿಕೊಂಡಳು ಅನ್ನುವ ಮೂರು ಹೆಜ್ಜೆ ಇವೆ. ಅವನ್ನು ಬಿಟ್ಟರೆ ಟೆನಿಸ್ ಅಂದಾಗ ಮೆದುಳಿನ ಆ ಜಾಗವೇ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲ.

ನಿದ್ದೆಗೇಡಿ

ಎಲ್ಲರೂ ಒಂದು ವಿಷಯ ಜಾಣತನದಿಂದ ದಾಟಿ ಹೋಗುತ್ತಿದ್ದೀರಿ. ಪಾಪೆ ಕುಗ್ಗಿತು, ಆಕಾರ ಗುರುತಿಸಿದರು, ಮೆದುಳು ಹೊಳೆಯಿತು. ಇವೆಲ್ಲ ಮನಸ್ಸು ಮಾಡುವ ಕೆಲಸಗಳು. ಆ ಹೊತ್ತಿಗೆ ಆ ವ್ಯಕ್ತಿಗೆ ಹೇಗೆ ಅನಿಸುತ್ತದೆ ಅನ್ನುವುದು? 1974ರಲ್ಲಿ ಥಾಮಸ್ ನೇಗೆಲ್ ಬಾವಲಿಯ ಉದಾಹರಣೆ ಕೊಟ್ಟು ಕೇಳಿದ್ದು ಇದನ್ನೇ. ಅದು ಶಬ್ದದ ಪ್ರತಿಧ್ವನಿಯಿಂದ ದಾರಿ ಹುಡುಕುವ ಬಗೆಯನ್ನು ಪೂರ್ತಿ ತಿಳಿದುಕೊಂಡರೂ ಬಾವಲಿಯಾಗಿರುವುದು ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ. 1995ರಲ್ಲಿ ಚಾಲ್ಮರ್ಸ್ ಇದನ್ನೇ "ಕಠಿಣ ಸಮಸ್ಯೆ" ಅಂದರು. ಸೈಕಾಲಜಿ ಇದನ್ನು ಮುಟ್ಟಲೇ ಆಗದಿದ್ದರೆ ಮನಸ್ಸನ್ನು ಓದುತ್ತೇವೆ ಅನ್ನುವುದು ಅರ್ಧ ಸತ್ಯ.

ಲ್ಯಾಬ್ ಜೀವಿ

ಅರ್ಧ ಅಂತಲೇ ಇಟ್ಟುಕೊಳ್ಳಿ, ಸಣ್ಣ ಅರ್ಧ ಅಲ್ಲ. ಅನುಭವ ಯಾಕಾದರೂ ಇದೆ ಅನ್ನುವುದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಆದರೆ ಯಾವ ಅನುಭವ ಯಾವುದಕ್ಕೆ ಹತ್ತಿರ, ಯಾವುದು ಯಾವುದನ್ನು ಮುಚ್ಚಿಹಾಕುತ್ತದೆ, ಯಾವಾಗ ಅನುಭವ ಇಲ್ಲದೆಯೂ ಕೆಲಸ ನಡೆಯುತ್ತದೆ, ಇವು ಸಿಗುತ್ತವೆ. ವೈಸ್‌ಕ್ರಾಂಟ್ಸ್ 1974ರಲ್ಲಿ ವರದಿ ಮಾಡಿದ ರೋಗಿ ಒಂದು ಬದಿಯಲ್ಲಿ ಏನೂ ಕಾಣುವುದಿಲ್ಲ ಅನ್ನುತ್ತಿದ್ದ. ಸುಮ್ನೆ ಊಹಿಸಿ ತೋರಿಸು ಅಂದರೆ ಬೆಳಕು ಬಿದ್ದ ಜಾಗಕ್ಕೆ ಹತ್ತಿರ ಹತ್ತಿರ ಕೈ ಇಡುತ್ತಿದ್ದ. ಬರೀ ಕೈಯನ್ನು ನೋಡಿದ್ದರೆ ಅವನಿಗೆ ಕಾಣುತ್ತದೆ ಅನ್ನುತ್ತಿದ್ದೆವು. ಬರೀ ಮಾತನ್ನು ಕೇಳಿದ್ದರೆ ಅಲ್ಲಿ ಏನೂ ನಡೆಯುತ್ತಿಲ್ಲ ಅನ್ನುತ್ತಿದ್ದೆವು. ಎರಡೂ ತಾಳೆಯಾಗದೆ ಹೋದ ಜಾಗದಲ್ಲೇ ವಿಷಯ ಸಿಕ್ಕಿತು.

ನಿದ್ದೆಗೇಡಿ

ಬಾವಲಿಯ ಪ್ರಶ್ನೆ ಹಾಗೇ ಉಳಿಯಿತು, ಆದರೂ ಇದು ಬಾವಲಿಗಿಂತ ಚೆನ್ನಾಗಿದೆ.

ಮೊದಲ ಬೆಂಚು

ಮೇಡಂ, ನನಗೆ ಈ ಸೆಮಿಸ್ಟರ್‌ಗೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಬೇಕು. ಓದುವಾಗ ಮನಸ್ಸು ಬೇರೆ ಕಡೆ ಹೋಗುವುದರ ಬಗ್ಗೆ ಅಂದುಕೊಂಡಿದ್ದೇನೆ. ಮನಸ್ಸು ಹೊರಗೆ ಹೋದಾಗ ಬಟನ್ ಒತ್ತಿ ಅಂತ ಹೇಳಿದರೆ ಸಾಕಾ?

ಲ್ಯಾಬ್ ಜೀವಿ

ಸಾಲದು. ಮನಸ್ಸು ಹೋಗಿದೆ ಅನ್ನುವುದು ಬಹಳ ಸಲ ಹೋದವರಿಗೇ ಗೊತ್ತಿರುವುದಿಲ್ಲ. ನಡುವೆ ಬೆಲ್ ಮಾಡಿ "ಈಗ ಎಲ್ಲಿದ್ದಿರಿ?" ಅಂತ ಕೇಳಿ. ಅವರಾಗೇ ಒತ್ತಿದ್ದನ್ನೂ ಬೇರೆ ಗುರುತು ಹಾಕಿಕೊಳ್ಳಿ. ತಾವಾಗಿ ಹಿಡಿದುಕೊಂಡದ್ದಕ್ಕೂ ಬೆಲ್ ಮಾಡಿದಾಗ ಸಿಕ್ಕಿಬಿದ್ದದ್ದಕ್ಕೂ ವ್ಯತ್ಯಾಸ ಬರುತ್ತದೆ, ನಿಮ್ಮ ಪ್ರಾಜೆಕ್ಟ್‌ನ ಜೀವ ಅದರಲ್ಲೇ ಇದೆ. ಜೊತೆಗೆ ಆ ಪುಟದಿಂದ ಎರಡು ಪ್ರಶ್ನೆ ಕೇಳಿ, ಓದಿದ್ದು ಒಳಗೆ ಹೋಗಿದೆಯಾ ಅಂತ ಗೊತ್ತಾಗುತ್ತದೆ.

ಕಡ್ಡಿ ಮುರಿದಂಗೆ

ಶುರು ಮಾಡುವ ಮೊದಲು, ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪು ಅಂತ ಒಪ್ಪುತ್ತೀರಿ ಅನ್ನುವುದನ್ನು ಬರೆದು ಗೈಡ್ ಕೈಗೆ ಕೊಡಿ. ಆಮೇಲೆ ಕಥೆ ಕಟ್ಟಲು ಆಗಬಾರದು. ಅಷ್ಟು ಮಾಡಿದರೆ ಅದನ್ನು ಮನಸ್ಸು ಅಂತ ಕರೆದುಕೊಳ್ಳಿ, ನನ್ನದೇನೂ ಹೋಗುವುದಿಲ್ಲ.

ಮೊದಲ ಬೆಂಚು

ಸರಿ ಸರ್. ಬೆಲ್ ಎಷ್ಟು ಹೊತ್ತಿಗೊಮ್ಮೆ ಮಾಡಲಿ?

ಲ್ಯಾಬ್ ಜೀವಿ

ಒಂದೇ ಲೆಕ್ಕದಲ್ಲಿ ಬೇಡ. ಹೊತ್ತು ಗೊತ್ತಾಗಿಬಿಟ್ಟರೆ ಓದುವುದು ಬಿಟ್ಟು ಬೆಲ್‌ಗೆ ಕಾಯುತ್ತಾ ಕೂರುತ್ತಾರೆ.